ಮುಂಜಾನೆ ಚಳಿಗೆ ಸ್ಕೂಟರ್ ಮಿಸ್ಸಿಂಗ್ ಹೊಡೆಯುತ್ತದೆ, ಬಿಸಿಯಾದ ಮೇಲೆ ಏನೂ ಇಲ್ಲ. ಯಾರಿಗಾದರೂ ಹೀಗಾಗಿದೆಯಾ?

ರಾಯಚೂರು ಪೇಪರ್ | ಡಿಸೆಂಬರ್ 14, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಪೇಪರ್ ಹಾಕುವವನು. 1999ರಲ್ಲಿ ಸೈಕಲ್ ಮೇಲೆ ಶುರು ಮಾಡಿದ್ದು. ಈಗ 210 ಮನೆ, ಹದಿನಾಲ್ಕು ಅಂಗಡಿ, ಎರಡು ಲಾಡ್ಜ್ ಇವೆ. ಗಾಡಿ 2016ರದು. 110 ಸಿಸಿ, ಗೇರ್ ಇಲ್ಲದ ಸ್ಕೂಟರ್, ಕಾರ್ಬೊರೇಟರ್ ಗಾಡಿ. 64,000 ಕಿ.ಮೀ. ಓಡಿದೆ. ಬೈಕ್ ಬಿಟ್ಟು ಸ್ಕೂಟರ್ ಇಟ್ಟುಕೊಂಡಿದ್ದು ಯಾಕೆಂದರೆ ಮುಂದೆ ಕಾಲಿಡುವ ಜಾಗದಲ್ಲಿ ಬಂಡಲ್ ಕೂರುತ್ತದೆ. ಬೈಕಿನಲ್ಲಿ ಅದು ಆಗುವುದಿಲ್ಲ.

ತೊಂದರೆ ಶುರುವಾಗಿದ್ದು ದೀಪಾವಳಿ ಮುಗಿದ ಮೇಲೆ. ಮುಂಜಾನೆ 4.15ಕ್ಕೆ ಗಾಡಿ ತೆಗೆಯುತ್ತೇನೆ. ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಚಾಲೂ ಆಗುವುದಿಲ್ಲ. ಚೋಕ್ ಎಳೆದು ಎಂಟು ಹತ್ತು ಕಿಕ್ ಹೊಡೆದರೆ ಚಾಲೂ ಆಗುತ್ತದೆ. ಚೋಕ್ ಇರುವವರೆಗೆ ನಡೆಯುತ್ತದೆ. ಚೋಕ್ ಬಿಟ್ಟ ಕೂಡಲೇ ಬಂದ್. ಎಕ್ಸಲೇಟರ್ ತಿರುವಿದರೆ ಏರುವ ಬದಲು ಮುಕ್ಕರಿಸುತ್ತದೆ. ಒಮ್ಮೊಮ್ಮೆ ಕಾರ್ಬೊರೇಟರ್ ಕಡೆಯಿಂದ ಫಟ್ ಅಂತ ಸದ್ದು ಬರುತ್ತದೆ. ಹೀಗೆ ಹತ್ತು ಹನ್ನೆರಡು ನಿಮಿಷ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ಹಗಲು ಹತ್ತು ಸಲ ಬಂದ್ ಮಾಡಿ ತೆಗೆದರೂ ಒಂದೇ ಸೆಲ್ಫಿಗೆ ಚಾಲೂ.

ಆ ಹತ್ತು ನಿಮಿಷವೇ ನನಗೆ ಮುಖ್ಯ. ಬಸ್ ಸ್ಟ್ಯಾಂಡಿನಲ್ಲಿ ಬಂಡಲ್ ಎತ್ತಿಕೊಂಡು, ಪುರವಣಿ ಸೇರಿಸಿ, ತೀನ್ ಕಂದೀಲ್ ದಾಟಿ ಹೊರಡಬೇಕು. ಹೋದ ವಾರ ಮಾವಿನಕೆರೆ ಪಕ್ಕದಲ್ಲಿ ಗಾಡಿ ನಿಂತಿತು. ಅಲ್ಲಿ ಗಾಳಿ ಇನ್ನೂ ತಣ್ಣಗೆ. ಮುಂದೆ ಒಂದು ಬಂಡಲ್, ಹಿಂದೆ ಎರಡು. ಅಷ್ಟು ಭಾರ ಇಟ್ಟುಕೊಂಡು ಕತ್ತಲಲ್ಲಿ ಕಿಕ್ ಹೊಡೆಯಲು ಆಗಲಿಲ್ಲ. ಬಂಡಲ್ ಇಳಿಸಿ ಫುಟ್‌ಪಾತ್ ಮೇಲೆ ಇಟ್ಟು, ಡಬಲ್ ಸ್ಟ್ಯಾಂಡ್ ಹಾಕಿ, ಮತ್ತೆ ಮೊದಲಿನಿಂದ. ಆಶಾಪುರ ರೋಡಿನಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ಇದ್ದಾರೆ. ವಯಸ್ಸು 84. ಐದೂವರೆಗೆ ಸ್ವೆಟರ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಆ ದಿನ ಆರೂ ಹತ್ತಕ್ಕೆ ಹೋದೆ. ಅವರು ಏನೂ ಅನ್ನಲಿಲ್ಲ. ಅಷ್ಟು ಹೊತ್ತು ಅವರು ಚಳಿಯಲ್ಲಿ ನಿಂತಿದ್ದರಲ್ಲಾ ಅಂತ ನನಗೆ ತುಂಬಾ ಬೇಜಾರಾಯಿತು.

ಇಲ್ಲಿಯವರೆಗೆ ಮಾಡಿಸಿದ್ದು: ಹೊಸ ಪ್ಲಗ್ ಹಾಕಿಸಿದೆ. ಪೆಟ್ರೋಲ್ ಬಂಕ್ ಬದಲಾಯಿಸಿದೆ. ನಮ್ಮ ಕಡೆಯ ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಎರಡು ಸಲ ಬಿಚ್ಚಿ ಕ್ಲೀನ್ ಮಾಡಿದರು. ಎರಡೂ ಸಲ ನಾಲ್ಕು ದಿನ ಚೆನ್ನಾಗಿತ್ತು, ಆಮೇಲೆ ಅದೇ ಕಥೆ. ಎರಡನೇ ಸಲ ಐಡಲಿಂಗ್, ಅಂದರೆ ಎಕ್ಸಲೇಟರ್ ಬಿಟ್ಟಾಗ ಎಂಜಿನ್ ತಿರುಗುವ ವೇಗ, ಜಾಸ್ತಿ ಮಾಡಿಕೊಟ್ಟರು. ಈಗ ಅವರು ಹೇಳುವುದು ಎಂಜಿನ್ ಕೆಲಸ ಮಾಡಿಸಬೇಕು ಅಂತ, 9,000 ರೂಪಾಯಿ. ಹಣ ಹೊಂದಿಸಬಹುದು. ಆದರೆ ಗಾಡಿ ನಾಲ್ಕೈದು ದಿನ ಗ್ಯಾರೇಜಿನಲ್ಲಿ ಕೂತರೆ ನನ್ನ ಲೈನ್ ಯಾರು ಹಾಕುತ್ತಾರೆ?

ಹೊಗೆ ಇಲ್ಲ. ಆಯಿಲ್ ಕಡಿಮೆ ಆಗುತ್ತಿಲ್ಲ. ಮೈಲೇಜ್ ಮೊದಲಿನಷ್ಟೇ ಇದೆ. ಮೊಬೈಲಿನಲ್ಲಿ ನೋಡಿದರೆ ಮುಂಜಾನೆ 15, 16 ಡಿಗ್ರಿ ತೋರಿಸುತ್ತದೆ. ಇಷ್ಟು ಚಳಿಗೇ ಗಾಡಿ ಹೀಗೆ ಮಾಡುತ್ತದಾ? ನಿಜವಾಗಿಯೂ ಎಂಜಿನ್ ಬಿಚ್ಚಬೇಕಾ? ತಿಳಿದವರು ದಯವಿಟ್ಟು ಹೇಳಿ.

ಗಂಗಾವತಿ ಭತ್ತ | ಡಿಸೆಂಬರ್ 14, ರಾತ್ರಿ 9.25

ಅಣ್ಣಾ, ಏರ್ ಫಿಲ್ಟರ್ ತೆಗೆದು ನೋಡಿದ್ದೀರಾ? ನಾನು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ಈಗ ಇಲ್ಲಿ ಭತ್ತದ ಸುಗ್ಗಿ. ರಸ್ತೆ ಮೇಲೆಲ್ಲಾ ಹೊಟ್ಟಿನ ಧೂಳು. ಹೋದ ವರ್ಷ ನನ್ನ ಗಾಡಿಯೂ ಹೀಗೇ ಮಾಡುತ್ತಿತ್ತು. ಫಿಲ್ಟರ್ ಬಿಚ್ಚಿದರೆ ಒಳಗೆ ಒಂದು ಮುಷ್ಟಿ ಹೊಟ್ಟು ಬಿತ್ತು. ನಿಮ್ಮ ಕಡೆ ಹತ್ತಿ ಮಾರ್ಕೆಟ್ ಇದೆ, ಜಿನ್ನಿಂಗ್ ಮಿಲ್ ಇವೆ. ಹತ್ತಿ ನಾರು ಎಲ್ಲಾ ಕಡೆ ಹಾರುತ್ತಿರುತ್ತದೆ. ಫಿಲ್ಟರ್ ಬದಲಿಸಿ, ಸರಿಹೋಗುತ್ತದೆ.

ಒಂದು ಮಾತು. ಕೆಲವು ಸ್ಕೂಟರಿನ ಪೇಪರ್ ಫಿಲ್ಟರಿಗೆ ಕಂಪನಿಯಲ್ಲೇ ಎಣ್ಣೆ ಹಚ್ಚಿರುತ್ತಾರೆ. ಅದಕ್ಕೆ ಗಾಳಿ ಹೊಡೆದು ಕ್ಲೀನ್ ಮಾಡಬಾರದು, ಹೊಸದೇ ಹಾಕಬೇಕು. ನಾನು ಗಾಳಿ ಹೊಡೆಸಿ ಕೆಡಿಸಿಕೊಂಡಿದ್ದೆ.

ಕೌಲ್‌ಬಜಾರ್ ಹುಡುಗ | ಡಿಸೆಂಬರ್ 14, ರಾತ್ರಿ 10.05

ಇದೆಲ್ಲಾ ಇ-20 ಪೆಟ್ರೋಲಿನ ಕೆಲಸ ಸರ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟಿದ್ದು. ಈಗ ಯಾವ ಬಂಕಿಗೆ ಹೋದರೂ ಅದೇ. ನೂರು ಲೀಟರಿನಲ್ಲಿ 20 ಲೀಟರ್ ಎಥನಾಲ್. ಪೆಟ್ರೋಲಿಗಿಂತ ಎಥನಾಲ್ ಆವಿಯಾಗಲು ಜಾಸ್ತಿ ಶಾಖ ಬೇಕು. ಅದಕ್ಕೇ ಚಳಿಯಲ್ಲಿ ಹತ್ತಿಕೊಳ್ಳುವುದಿಲ್ಲ. ನಿಮ್ಮ 2016ರ ಗಾಡಿ ಅದಕ್ಕೆ ಮಾಡಿದ್ದಲ್ಲ.

ನನ್ನದು ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿ, ಕಾರ್ಬೊರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್. ಬಳ್ಳಾರಿಯಲ್ಲಿ ಎಂಥ ಚಳಿ ಇದ್ದರೂ ಒಂದೇ ಸೆಲ್ಫಿಗೆ ಚಾಲೂ. ಸೆನ್ಸರ್ ಎಂಜಿನ್ ಎಷ್ಟು ತಣ್ಣಗಿದೆ ನೋಡಿ, ಅಷ್ಟು ಪೆಟ್ರೋಲ್ ತಾನೇ ಜಾಸ್ತಿ ಬಿಡುತ್ತದೆ. ಸಾಧ್ಯವಾದರೆ ಗಾಡಿ ಬದಲಿಸಿ ಸರ್.

ಸಿಂಧನೂರು ಗ್ಯಾರೇಜ್ | ಡಿಸೆಂಬರ್ 15, ಮಧ್ಯಾಹ್ನ 2.30

ಪೇಪರ್ ಅಣ್ಣಾ, ಎಂಜಿನ್ ಬಿಚ್ಚಿಸಬೇಡಿ. ದಯವಿಟ್ಟು ಸ್ವಲ್ಪ ತಡೆಯಿರಿ. ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದ್ದೇನೆ, ಈಗ ಮಗ ನೋಡಿಕೊಳ್ಳುತ್ತಾನೆ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಉತ್ತರದ ಅರ್ಧ ಭಾಗ ನೀವೇ ಬರೆದಿದ್ದೀರಿ.

ಮೊದಲು ಚಳಿ ವಿಷಯ. 15 ಡಿಗ್ರಿ ಎಂಜಿನ್ನಿಗೆ ಚಳಿಯೇ ಅಲ್ಲ. ಇದೇ ಕಾರ್ಬೊರೇಟರ್ ಗಾಡಿಗಳು ಸೊನ್ನೆ ಡಿಗ್ರಿ ಇರುವ ಊರುಗಳಲ್ಲೂ ಓಡುತ್ತವೆ. ಹಾಗಾಗಿ ಚಳಿ ತೊಂದರೆ ಮಾಡುತ್ತಿಲ್ಲ. ಒಳಗೆ ಇರುವ ತೊಂದರೆಯನ್ನು ತೋರಿಸುತ್ತಿದೆ, ಅಷ್ಟೆ.

ಎಂಜಿನ್ ಸವೆದಿದ್ದರೆ ಹೊಗೆ ಬರಬೇಕು, ಆಯಿಲ್ ತಿನ್ನಬೇಕು, ಪಿಕಪ್ ಬೀಳಬೇಕು. ನಿಮಗೆ ಮೂರೂ ಇಲ್ಲ. ಬಿಸಿಯಿದ್ದಾಗ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ ಅಂದರೆ ಕಂಪ್ರೆಷನ್ ಇದೆ, ಕರೆಂಟ್ ಬರುತ್ತಿದೆ.

ಇನ್ನು ಚೋಕ್. ಇದು ದೊಡ್ಡ ಸುಳಿವು. ಪೆಟ್ರೋಲ್ ಹನಿಯಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿ ಜೊತೆ ಬೆರೆತು ಉರಿಯಬೇಕು. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲಿನ ಒಂದಷ್ಟು ಭಾಗ ಪೈಪಿನ ಗೋಡೆಗೇ ಅಂಟಿಕೊಂಡು ಉಳಿಯುತ್ತದೆ. ಅದಕ್ಕೆ ಚೋಕ್ ಎಳೆದು ಜಾಸ್ತಿ ಪೆಟ್ರೋಲ್ ಕೊಡುತ್ತೇವೆ. ಒಂದೆರಡು ನಿಮಿಷದಲ್ಲಿ ಅದರ ಅಗತ್ಯ ಮುಗಿಯಬೇಕು. ನಿಮ್ಮ ಗಾಡಿ ಹತ್ತು ನಿಮಿಷ ಚೋಕ್ ಬೇಕು ಅನ್ನುತ್ತಿದೆ. ಅಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಜಾಸ್ತಿ ಆಗುತ್ತಿದೆ. ಕಾರ್ಬೊರೇಟರ್ ಕಡೆ ಫಟ್ ಅನ್ನುವುದೂ ಅದನ್ನೇ ಹೇಳುತ್ತದೆ.

ಗಂಗಾವತಿ ತಮ್ಮಾ, ನೀನು ಹೇಳಿದ್ದು ಒಳ್ಳೆಯ ಮಾತು. ಎಣ್ಣೆ ಹಚ್ಚಿದ ಫಿಲ್ಟರ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗುತ್ತದೆ, ಪೆಟ್ರೋಲ್ ಜಾಸ್ತಿಯಾಗುತ್ತದೆ. ಪ್ಲಗ್ ಕಾಡಿಗೆ ಹಿಡಿದ ಹಾಗೆ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಚೋಕ್ ಎಳೆದರೆ ಇನ್ನೂ ಕೆಡುತ್ತದೆ. ಅಣ್ಣನ ಗಾಡಿಯಲ್ಲಿ ಇದರ ಉಲ್ಟಾ ಇದೆ.

ಇ-20 ಬಗ್ಗೆಯೂ ಹೇಳುತ್ತೇನೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬೊರೇಟರ್ ಸೆಟ್ಟಿಂಗಿಗೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಚಳಿಯಲ್ಲಿ ಆವಿಯಾಗುವುದೂ ನಿಧಾನ. ಅದು ನಿಜ. ಆದರೆ ಅದೊಂದೇ ಕಾರಣ ಆಗಿದ್ದರೆ ರಾಯಚೂರಿನ ಹಳೆ ಸ್ಕೂಟರೆಲ್ಲಾ ಮುಂಜಾನೆ ರಸ್ತೆಯಲ್ಲಿ ನಿಂತಿರಬೇಕಿತ್ತು. ಮೊದಲೇ ಅಂಚಿನಲ್ಲಿದ್ದ ಗಾಡಿಯನ್ನು ಇ-20 ಇನ್ನೊಂದು ಹೆಜ್ಜೆ ಆಚೆ ತಳ್ಳುತ್ತದೆ. ಅಂಚಿಗೆ ಬಂದಿದ್ದು ಹೇಗೆ ಅಂತ ಹುಡುಕಬೇಕು.

ನನಗೆ ಎರಡು ಅನುಮಾನ. ಒಂದು, ಎಕ್ಸಲೇಟರ್ ಬಿಟ್ಟಾಗ ಪೆಟ್ರೋಲ್ ಕೊಡುವ ಐಡಲ್ ಜೆಟ್ಟಿನ ಸಣ್ಣ ತೂತು ಅರ್ಧ ಕಟ್ಟಿರಬಹುದು. ಇನ್ನೊಂದು, ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಇರುವ ಮ್ಯಾನಿಫೋಲ್ಡ್ ಪೈಪಿನ ಹತ್ತಿರ ಗಾಳಿ ನುಗ್ಗುತ್ತಿರಬಹುದು. ಕ್ಲೀನ್ ಮಾಡಿದಾಗ ನಾಲ್ಕೇ ದಿನ ಸರಿ ಇತ್ತು ಅಂದಿರಲ್ಲಾ, ಅದಕ್ಕೇ ನನಗೆ ಎರಡನೆಯದರ ಮೇಲೆ ಮನಸ್ಸು ಹೆಚ್ಚು. ಜೆಟ್ ಕ್ಲೀನ್ ಮಾಡಿದರೆ ತಿಂಗಳುಗಟ್ಟಲೆ ಇರಬೇಕು. ನಾಲ್ಕು ದಿನ ಮಾತ್ರ ಸರಿಯಾಗಿದ್ದರೆ, ಬೋಲ್ಟ್ ಬಿಚ್ಚಿ ಮತ್ತೆ ಬಿಗಿ ಮಾಡಿದ್ದಕ್ಕೆ ಸರಿಯಾಗಿರಬಹುದು.

ನಾಳೆ ಮುಂಜಾನೆ ಎರಡು ಕೆಲಸ ಮಾಡಿ. ತಣ್ಣಗಿರುವಾಗಲೇ ಚಾಲೂ ಮಾಡಿ, ಎರಡು ನಿಮಿಷ ನಡೆಸಿ, ಬಂದ್ ಮಾಡಿ. ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಟ್ಟೆ ಹಿಡಿದು ಬಿಚ್ಚಿ, ಕೈ ಸುಟ್ಟೀತು. ಆಮೇಲೆ ಕಾರ್ಬೊರೇಟರ್ ಕೆಳಗೆ, ಪೆಟ್ರೋಲ್ ನಿಲ್ಲುವ ಬೌಲಿನ ಡ್ರೈನ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಒಳಗಿನ ಪೆಟ್ರೋಲನ್ನು ಸಣ್ಣ ಗಾಜಿನ ಬಾಟಲಿಗೆ ಹಿಡಿಯಿರಿ. ಎಂಜಿನ್ ಆರಿದ ಮೇಲೆ, ಬೀಡಿ ಕಡ್ಡಿ ದೂರ ಇಟ್ಟು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಬಾಟಲಿಯ ತಳದಲ್ಲಿ ಬೇರೆ ಪದರ ಕಾಣುತ್ತದಾ ನೋಡಿ ಹೇಳಿ.

ಹಗಲು ಮಾಡಬೇಡಿ. ಗಾಡಿ ಬಿಸಿಯಾದ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ರಾಯಚೂರು ಪೇಪರ್ | ಡಿಸೆಂಬರ್ 16, ಬೆಳಿಗ್ಗೆ 10.15

ಉಸ್ತಾದ್, ನೀವು ಹೇಳಿದ ಹಾಗೆ ಮಾಡಿದೆ. ಲೈನ್ ತಪ್ಪಬಾರದು ಅಂತ ಮೂರು ಗಂಟೆಗೇ ಎದ್ದೆ. ಮನೆಯವರು ಟಾರ್ಚ್ ಹಿಡಿದರು.

ಪ್ಲಗ್ ತುದಿ ಬಿಳಿ. ಸುಣ್ಣ ಹಚ್ಚಿದ ಹಾಗೆ ಅಲ್ಲ, ಬೂದಿ ಬಿಳಿ. ಹಾಕಿಸಿ ಇನ್ನೂ ತಿಂಗಳಾಗಿಲ್ಲ. ಬೌಲಿನ ಪೆಟ್ರೋಲ್ ಹಾರ್ಲಿಕ್ಸ್ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಬಿಟ್ಟು ನೋಡಿದೆ. ಒಂದೇ ಬಣ್ಣ, ತಳದಲ್ಲಿ ಬೇರೆ ಪದರ ಇಲ್ಲ. ಒಂದೆರಡು ಕಪ್ಪು ಚುಕ್ಕೆ ಇದ್ದವು.

ಇನ್ನೊಂದು ನಾನೇ ಗಮನಿಸಿದ್ದು. ತಣ್ಣಗಿರುವಾಗ ಬಂದ್ ಆಗುವುದು ಎಕ್ಸಲೇಟರ್ ಬಿಟ್ಟಾಗ, ಸಿಗ್ನಲ್ಲಿನಲ್ಲಿ, ಮನೆ ಮುಂದೆ ಪೇಪರ್ ಎಸೆಯಲು ನಿಧಾನ ಮಾಡಿದಾಗ. ಸ್ಟೇಷನ್ ರೋಡಿನಲ್ಲಿ 40ರ ಸ್ಪೀಡಿನಲ್ಲಿ ಹೋಗುವಾಗ ಅಷ್ಟು ಕಾಡುವುದಿಲ್ಲ. ಇದು ಯಾಕೆ?

ಮುಂಜಾನೆ ಗಾಡಿ ಬಿಸಿ ಮಾಡಲು ಈಗ ಒಂದು ದಾರಿ ಕಂಡುಕೊಂಡಿದ್ದೇನೆ. ಹೊರಗೆ ಸದ್ದು ಮಾಡಿದರೆ ಅಕ್ಕಪಕ್ಕದವರು ಏಳುತ್ತಾರೆ. ಅದಕ್ಕೆ ಒಳಗೆ ಪಡಸಾಲೆಯಲ್ಲೇ ಚೋಕ್ ಹಾಕಿ ಹತ್ತು ನಿಮಿಷ ಚಾಲೂ ಇಟ್ಟು ಆಮೇಲೆ ಬಾಗಿಲು ತೆಗೆಯುತ್ತೇನೆ.

ಕೊಪ್ಪಳ ಸಿಸ್ಟರ್ | ಡಿಸೆಂಬರ್ 16, ಬೆಳಿಗ್ಗೆ 11.50

ಅಣ್ಣಾ, ನಾನು ನರ್ಸ್. ನನಗೆ ಗಾಡಿ ರಿಪೇರಿ ಗೊತ್ತಿಲ್ಲ, ನನ್ನ ಸ್ಕೂಟರಿಗೂ ಇದೇ ತೊಂದರೆ ಅಂತ ಓದುತ್ತಿದ್ದೆ. ನಿಮ್ಮ ಕೊನೆಯ ಸಾಲು ಓದಿ ಭಯವಾಯಿತು. ಬಾಗಿಲು ಹಾಕಿಕೊಂಡು ಒಳಗೆ ಗಾಡಿ ಚಾಲೂ ಇಡಬೇಡಿ. ಒಂದು ದಿನವೂ ಬೇಡ.

ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಚೋಕ್ ಹಾಕಿದಾಗ ಇನ್ನೂ ಜಾಸ್ತಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮಲಗಿದ್ದವರಿಗೆ ಅದೂ ಗೊತ್ತಾಗುವುದಿಲ್ಲ, ನಿದ್ದೆಯಲ್ಲೇ ಪ್ರಜ್ಞೆ ತಪ್ಪುತ್ತದೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಪಡಸಾಲೆ ಪಕ್ಕದಲ್ಲೇ ಮಲಗುತ್ತಾರೆ ಅಲ್ವಾ? ಈ ದಿನಗಳಲ್ಲಿ ಯಾರಿಗಾದರೂ ಮುಂಜಾನೆ ತಲೆನೋವು ಬಂದಿದೆಯಾ ಕೇಳಿ. ಅಕ್ಕಪಕ್ಕದವರು ಎದ್ದರೆ ಏಳಲಿ. ಗಾಡಿಯನ್ನು ರಸ್ತೆಗೆ ತಂದು ಚಾಲೂ ಮಾಡಿ.

ರಾಯಚೂರು ಪೇಪರ್ | ಡಿಸೆಂಬರ್ 16, ಮಧ್ಯಾಹ್ನ 12.20

ಅಕ್ಕಾ, ಓದಿದ ಕೂಡಲೇ ಮನೆಯವರನ್ನು ಕೇಳಿದೆ. ನಮ್ಮ ತಾಯಿ ಪಡಸಾಲೆ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಎರಡು ವಾರದಿಂದ ಎದ್ದ ಕೂಡಲೇ ತಲೆ ಭಾರ ಅನ್ನುತ್ತಿದ್ದರಂತೆ. ಚಳಿಗೆ ಇರಬಹುದು ಅಂತ ಸುಮ್ನೆ ಬಿಟ್ಟಿದ್ದೆವು. ಕೈಕಾಲು ನಡುಗಿದವು. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ನಾಳೆಯಿಂದ ಗಾಡಿ ಒಳಗೆ ಚಾಲೂ ಮಾಡುವುದಿಲ್ಲ. ನೀವು ಹೇಳದಿದ್ದರೆ ನನಗೆ ಇದು ಹೊಳೆಯುತ್ತಲೇ ಇರಲಿಲ್ಲ. ನಿಮ್ಮ ಉಪಕಾರ ಮರೆಯುವುದಿಲ್ಲ.

ಸಿಂಧನೂರು ಗ್ಯಾರೇಜ್ | ಡಿಸೆಂಬರ್ 16, ಸಂಜೆ 6.45

ಸಿಸ್ಟರ್ ಹೇಳಿದ್ದು ಎಲ್ಲಕ್ಕಿಂತ ದೊಡ್ಡ ಮಾತು. ನಮ್ಮ ಗ್ಯಾರೇಜಿನಲ್ಲೂ ಶಟರ್ ಇಳಿಸಿ ಟ್ಯೂನಿಂಗ್ ಮಾಡುವವರನ್ನು ಬೈದಿದ್ದೇನೆ. ಅಮ್ಮನವರು ಹೇಗಿದ್ದಾರೆ ಅಂತ ಬರೆಯಿರಿ ಅಣ್ಣಾ.

ಈಗ ಗಾಡಿ. ಪ್ಲಗ್ ಬಿಳಿ, ನೀರಿಲ್ಲ, ಎಕ್ಸಲೇಟರ್ ಬಿಟ್ಟಾಗ ಮಾತ್ರ ಬಂದ್. ಪ್ಲಗ್ ಬಿಳಿ ಅಂದರೆ ಮಿಶ್ರಣ ತೆಳು. ಇಷ್ಟು ಸಾಕು, ಮ್ಯಾನಿಫೋಲ್ಡ್ ಹತ್ತಿರವೇ ಗಾಳಿ ನುಗ್ಗುತ್ತಿರಬೇಕು.

ಯಾಕೆ ಅಂತ ಕೇಳಿದಿರಲ್ಲಾ. ಎಕ್ಸಲೇಟರ್ ಬಿಟ್ಟಾಗ ಕಾರ್ಬೊರೇಟರಿನ ಬಾಗಿಲು ಮುಚ್ಚಿರುತ್ತದೆ. ಎಂಜಿನ್ ಮಾತ್ರ ಗಾಳಿಗಾಗಿ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಮ್ಯಾನಿಫೋಲ್ಡ್ ಒಳಗೆ ಎಳೆತ ಜೋರು. ಆಗ ಒಂದು ಕೂದಲಷ್ಟು ಸಂದಿ ಇದ್ದರೂ ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತದೆ. ಐಡಲಿಂಗಿನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ. ಅದರಲ್ಲಿ ಈ ಕಳ್ಳ ಗಾಳಿಯ ಪಾಲು ದೊಡ್ಡದಾಗುತ್ತದೆ. ನೀವು 40ರಲ್ಲಿ ಹೋಗುವಾಗ ಬಾಗಿಲು ತೆರೆದಿರುತ್ತದೆ, ಎಳೆತ ಕಡಿಮೆ, ಒಳಗೆ ಹೋಗುವ ಗಾಳಿ ಬಹಳ. ಆಗ ಸಂದಿಯಿಂದ ಬಂದಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಬಿಸಿಯಾದ ಮೇಲೆ ಸರಿಹೋಗುವುದು ಯಾಕೆ? ಮ್ಯಾನಿಫೋಲ್ಡ್ ಕೂರುವ ಜಾಗದಲ್ಲಿ ರಬ್ಬರಿನ ಓ ರಿಂಗ್ ಇರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ. ಅದರ ಮೇಲೆ ಎಂಜಿನ್ ಕಾವು. ಒಂಬತ್ತು ಬೇಸಿಗೆ ಬೆಂದ ರಬ್ಬರ್ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ. ಬೇಸಿಗೆಯ ಕಾವಿಗೆ ಸ್ವಲ್ಪ ಮೆತ್ತಗಾಗುವುದರಿಂದ ಹೇಗೋ ಸಂದಿ ಮುಚ್ಚಿಕೊಂಡಿರುತ್ತದೆ. ಡಿಸೆಂಬರ್ ಮುಂಜಾನೆಗೆ ಬಿರುಸಾಗಿ ಕುಗ್ಗಿದಾಗ ಸಂದಿ ಬಿಡುತ್ತದೆ. ಎಂಜಿನ್ ಕಾದ ಮೇಲೆ ಮತ್ತೆ ಮೆತ್ತಗಾಗಿ ಕೂರುತ್ತದೆ. ಕಾದ ಎಂಜಿನ್ ಸ್ವಲ್ಪ ತೆಳು ಮಿಶ್ರಣವನ್ನೂ ತಡೆದುಕೊಳ್ಳುತ್ತದೆ. ಸಿಂಧನೂರು, ಮಾನ್ವಿ ಕಡೆಯ ಗಾಡಿಗಳಲ್ಲಿ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕಾರ್ಬೊರೇಟರ್ ಬಿಚ್ಚಿದವರು ಹಳೆ ರಿಂಗನ್ನೇ ಮತ್ತೆ ಹಾಕುತ್ತಾರೆ. ಹೊಸದಾಗಿ ಬಿಗಿ ಮಾಡಿದ್ದಕ್ಕೆ ನಾಲ್ಕು ದಿನ ನಡೆಯುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಗಾಡಿಯನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಡಿ. ಮುಂಜಾನೆ ಮೆಕ್ಯಾನಿಕ್ ಬಂದು, ಸೀಟಿನ ಕೆಳಗಿನ ಡಿಕ್ಕಿ ಬಿಚ್ಚಿ, ಆಮೇಲೆ ತಣ್ಣನೆ ಗಾಡಿಯನ್ನು ಚೋಕ್ ಮೇಲೆ ಚಾಲೂ ಮಾಡಲಿ. ಇಂಜೆಕ್ಷನ್ ಸಿರಿಂಜಿನಲ್ಲಿ ಸೋಪಿನ ನೀರು ತುಂಬಿ ಮ್ಯಾನಿಫೋಲ್ಡ್ ಎರಡೂ ತುದಿಗೆ ಸ್ವಲ್ಪ ಸ್ವಲ್ಪ ಬಿಡಬೇಕು. ನೀರು ಬಿದ್ದ ಕೂಡಲೇ ಎಂಜಿನ್ ಸದ್ದು ಬದಲಾದರೆ ಅಲ್ಲೇ ಗಾಳಿ ಎಳೆಯುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲ್ ಅಥವಾ ಕಾರ್ಬೊರೇಟರ್ ಸ್ಪ್ರೇ ಹೊಡೆಯುತ್ತಾರೆ. ಸೈಲೆನ್ಸರ್ ಹತ್ತಿರ ಬೆಂಕಿ ಹತ್ತಿದರೆ ಕಷ್ಟ, ಬೇಡ ಅನ್ನಿ.

ನಿಮ್ಮ ಗ್ಯಾರೇಜಿನವರನ್ನು ನಾನು ತಪ್ಪು ಅನ್ನುವುದಿಲ್ಲ. ನೀವು ಲೈನ್ ಮುಗಿಸಿ ಹನ್ನೊಂದಕ್ಕೆ ಬಿಸಿ ಗಾಡಿ ಒಯ್ದು ನಿಲ್ಲಿಸುತ್ತೀರಿ. ಅವರ ಮುಂದೆ ಅದು ಗುಂಡಗೆ ನಡೆಯುತ್ತದೆ. ಅವರಾದರೂ ಏನು ನೋಡಬೇಕು?

ಸಾಧ್ಯವಾದರೆ ಅದೇ ಹೊತ್ತಿಗೆ ಟ್ಯಾಪೆಟ್ ಸೆಟ್ಟಿಂಗೂ, ಅಂದರೆ ವಾಲ್ವಿನ ಸಂದಿಯನ್ನೂ ನೋಡಿಸಿ. ಅದನ್ನೂ ತಣ್ಣನೆ ಎಂಜಿನ್ನಿನಲ್ಲೇ ನೋಡಬೇಕು. ಗಾಡಿ ಜೊತೆ ಬಂದ ಪುಸ್ತಕದ ಅಳತೆಗೆ, ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ. ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಮುಂಜಾನೆ ಚಾಲೂ ಆಗಲು ಕಷ್ಟಪಡುತ್ತದೆ.

ಕೌಲ್‌ಬಜಾರ್ ಹುಡುಗ | ಡಿಸೆಂಬರ್ 16, ರಾತ್ರಿ 9.30

ಉಸ್ತಾದ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇ-20 ಅಂತ ನಾನು ಗಟ್ಟಿಯಾಗಿ ಹೇಳಿಬಿಟ್ಟಿದ್ದೆ. ಒಂದು ಪ್ರಶ್ನೆ. ನನ್ನ ಇಂಜೆಕ್ಷನ್ ಗಾಡಿಯಲ್ಲೂ ಈ ರಬ್ಬರ್ ಇರುತ್ತದಾ?

ಸಿಂಧನೂರು ಗ್ಯಾರೇಜ್ | ಡಿಸೆಂಬರ್ 16, ರಾತ್ರಿ 9.50

ಇರುತ್ತದೆ ತಮ್ಮಾ. ಕಾರ್ಬೊರೇಟರ್ ಜಾಗದಲ್ಲಿ ಇರುವ ಥ್ರಾಟಲ್ ಬಾಡಿಗೂ ಎಂಜಿನ್ನಿಗೂ ನಡುವೆ ಅದೇ ತರಹದ ಜೋಡಣೆ. ಅಲ್ಲೂ ಗಾಳಿ ಎಳೆಯಬಹುದು. ಬಳ್ಳಾರಿಯ ಬಿಸಿಲು ನಮ್ಮದಕ್ಕಿಂತ ಕಡಿಮೆಯೇನಲ್ಲ.

ರಾಯಚೂರು ಪೇಪರ್ | ಡಿಸೆಂಬರ್ 19, ಬೆಳಿಗ್ಗೆ 9.30

ಮೊದಲು ತಾಯಿ ವಿಷಯ. ಡಾಕ್ಟರ್ ನೋಡಿದರು, ನಡೆದಿದ್ದೆಲ್ಲಾ ಹೇಳಿದೆ. ಈಗ ಆರಾಮ ಇದ್ದಾರೆ. ಮೂರು ದಿನದಿಂದ ತಲೆ ಭಾರ ಅನ್ನುತ್ತಿಲ್ಲ. ಸಿಸ್ಟರ್ ಅಕ್ಕಾ, ನಿಮಗೆ ನಮ್ಮ ತಾಯಿಯ ಆಶೀರ್ವಾದ ಇದೆ.

ಈಗ ಗಾಡಿ. 17ರ ರಾತ್ರಿ ಗ್ಯಾರೇಜಿನಲ್ಲಿ ಬಿಟ್ಟೆ. ಅದೇ ಹಳೆ ಗ್ಯಾರೇಜು. ಮೆಕ್ಯಾನಿಕ್ ಹುಡುಗನಿಗೆ ನಿಮ್ಮ ಬರಹ ಓದಿ ಹೇಳಿದೆ. ಮುಂಜಾನೆ ಐದಕ್ಕೆ ಬರುತ್ತೇನೆ ಅಂದ, ಬಂದ. ಆ ದಿನ ಲೈನನ್ನು ನನ್ನ ಅಳಿಯ ಬೈಕಿನಲ್ಲಿ ಹಾಕಿದ. ಎರಡು ಸಲ ಬಸ್ ಸ್ಟ್ಯಾಂಡಿಗೆ ಬಂದು ಬಂಡಲ್ ಒಯ್ಯಬೇಕಾಯಿತು.

ಡಿಕ್ಕಿ ಬಿಚ್ಚಿ ಗಾಡಿ ಚಾಲೂ ಮಾಡಿ ಸೋಪಿನ ನೀರು ಬಿಟ್ಟ. ಕಾರ್ಬೊರೇಟರ್ ಕಡೆಯ ತುದಿಗೆ ಬಿಟ್ಟಾಗ ಏನೂ ಆಗಲಿಲ್ಲ. ಎಂಜಿನ್ ಕಡೆಯ ತುದಿಗೆ, ಕೆಳಭಾಗದಲ್ಲಿ ಬಿಟ್ಟ ಕೂಡಲೇ ಎಂಜಿನ್ ಗೊಳಕ್ ಅಂತ ನೀರು ಎಳೆದುಕೊಂಡು ಕೆಮ್ಮಿ ಬಂದ್ ಆಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮತ್ತೆ ಚಾಲೂ ಮಾಡಿ ಬಿಟ್ಟ, ಮತ್ತೆ ಹಾಗೇ. ಒಂದೂವರೆ ತಿಂಗಳಿನಿಂದ ಹುಡುಕುತ್ತಿದ್ದದ್ದು ಐದು ನಿಮಿಷದಲ್ಲಿ ಕಣ್ಣಿಗೆ ಬಿತ್ತು.

ಮ್ಯಾನಿಫೋಲ್ಡ್ ಬಿಚ್ಚಿದರೆ ನೀವು ಹೇಳಿದ ಹಾಗೇ ಇತ್ತು ಉಸ್ತಾದ್. ಓ ರಿಂಗ್ ರಬ್ಬರ್ ಅನ್ನುವ ಹಾಗೇ ಇರಲಿಲ್ಲ. ಒಂದು ಕಡೆ ಚಪ್ಪಟೆ. ಉಗುರಿನಿಂದ ಎಬ್ಬಿಸಿದರೆ ಎರಡು ತುಂಡಾಗಿ ಕೈಗೆ ಬಂತು. ಕೆಳಗಿನ ಬೋಲ್ಟ್ ಕೂಡ ಅರ್ಧ ಸುತ್ತು ಸಡಿಲ ಇತ್ತು. ಅಂಗಡಿ ತೆಗೆಯುವವರೆಗೆ ಕಾದು, ಪಟೇಲ್ ರೋಡಿನಿಂದ ಹೊಸ ರಿಂಗ್ ತಂದೆವು. ಕಾರ್ಬೊರೇಟರ್ ಕಡೆಯದನ್ನೂ ಬದಲಿಸಿದ. ಎರಡೂ ಸೇರಿ 70 ರೂಪಾಯಿ. ಟ್ಯಾಪೆಟ್ ನೋಡಿದ, ಒಂದು ಸ್ವಲ್ಪ ಬಿಗಿ ಇತ್ತು, ಸರಿ ಮಾಡಿದ. ಕೂಲಿ 300 ಕೊಟ್ಟೆ. ಬೇಡ ಅಂದ. ಒತ್ತಾಯ ಮಾಡಿ ಕೊಟ್ಟೆ. ಮುಂಜಾನೆ ಐದಕ್ಕೆ ಬಂದವನು ಅವನು.

ಆದರೆ ಆಮೇಲೆ ಬೇರೆ ಒಂದು ಆಯಿತು. ಗಾಳಿ ನಿಂತ ಮೇಲೆ ಐಡಲಿಂಗ್ ತುಂಬಾ ಏರಿಬಿಟ್ಟಿತು. ಬ್ರೇಕ್ ಬಿಟ್ಟರೆ ಗಾಡಿ ತಾನೇ ಮುಂದೆ ಹೋಗುತ್ತಿತ್ತು. ಮೊದಲು ತೊಂದರೆ ಮುಚ್ಚಲು ಸ್ಕ್ರೂ ಜಾಸ್ತಿ ತಿರುವಿದ್ದೆವಲ್ಲಾ, ಅದು ಹಾಗೇ ಉಳಿದಿತ್ತು. ಹೊಸ ರಿಂಗ್ ಹಾಕಿಸುವವರು ಇದನ್ನು ಮರೆಯಬೇಡಿ. ಚಾಲೂ ಮಾಡುವಾಗ ಬ್ರೇಕ್ ಹಿಡಿದೇ ಇರಿ. ಬಿಸಿಯಾದ ಮೇಲೆ ಐಡಲಿಂಗ್ ಇಳಿಸಿದ. ಈಗ ಕೈಬಿಟ್ಟರೂ ನಿಂತ ಜಾಗದಲ್ಲೇ ನಿಲ್ಲುತ್ತದೆ.

ನಿನ್ನೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಇವತ್ತು ಮುಂಜಾನೆ 14 ಡಿಗ್ರಿ. ಗಾಡಿಯನ್ನು ಹೊರಗೆ ರಸ್ತೆಗೆ ತಂದೆ. ಚೋಕ್ ಎಳೆದು ಸೆಲ್ಫ್ ಒತ್ತಿದೆ. ಮೊದಲ ಸಲಕ್ಕೇ ಚಾಲೂ. ಒಂದು ನಿಮಿಷಕ್ಕೆ ಚೋಕ್ ಬಿಟ್ಟೆ. ನಿಲ್ಲಲಿಲ್ಲ. ಮನೆಯವರು ಬಾಗಿಲಲ್ಲೇ ನಿಂತಿದ್ದರು, ಕೈ ಮುಗಿದರು. ಮಾವಿನಕೆರೆ ಪಕ್ಕದಲ್ಲಿ ಬೇಕಂತಲೇ ನಿಧಾನ ಮಾಡಿ ಎಕ್ಸಲೇಟರ್ ಬಿಟ್ಟು ನೋಡಿದೆ. ನಡೆಯುತ್ತಲೇ ಇತ್ತು. ಮೇಷ್ಟ್ರ ಮನೆಗೆ 5.25ಕ್ಕೆ ಹೋದೆ. ಅವರು ಇನ್ನೂ ಗೇಟಿಗೆ ಬಂದಿರಲಿಲ್ಲ. ಪೇಪರ್ ಎಸೆಯಲಿಲ್ಲ, ಒಳಗೆ ಹೋಗಿ ಬಾಗಿಲ ಹತ್ತಿರ ಇಟ್ಟು ಬಂದೆ.

ಉಸ್ತಾದ್, ರಾಯಚೂರಿಗೆ ಬಂದರೆ ದಯವಿಟ್ಟು ತಿಳಿಸಿ. ಮುರಿದ ಆ ರಿಂಗ್ ಎತ್ತಿಟ್ಟಿದ್ದೇನೆ, ನಿಮಗೆ ತೋರಿಸಬೇಕು.

ಸಿಂಧನೂರು ಗ್ಯಾರೇಜ್ | ಡಿಸೆಂಬರ್ 19, ಮಧ್ಯಾಹ್ನ 1.10

ಅಣ್ಣಾ, ಮನಸ್ಸಿಗೆ ಬಹಳ ಸಂತೋಷವಾಯಿತು. ನಿಮ್ಮ ಬರಹವನ್ನು ಮಗನಿಗೂ ಓದಿಸಿದೆ. ಹದಿನೈದು ದಿನ ಓಡಿದ ಮೇಲೆ ಆ ಎರಡು ಬೋಲ್ಟ್ ಒಮ್ಮೆ ನೋಡಿಸಿ. ಹೊಸ ರಬ್ಬರ್ ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತದೆ. ಜಾಸ್ತಿ ಬಿಗಿ ಮಾಡಬಾರದು, ಎಂಜಿನ್ ಕಡೆ ಅಲ್ಯೂಮಿನಿಯಂ, ಬೋಲ್ಟ್ ಕೂರುವ ತೂತಿನ ತಿರುಪು ಕಿತ್ತುಹೋಗುತ್ತದೆ. ಪ್ಲಗ್ಗನ್ನೂ ಆವಾಗಲೇ ಬಿಚ್ಚಿ ನೋಡಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಎಲ್ಲಾ ಸರಿ.

ಗಂಗಾವತಿ ಭತ್ತ | ಡಿಸೆಂಬರ್ 19, ರಾತ್ರಿ 8.15

ಫಿಲ್ಟರ್ ಬದಲಿಸಿದ ಮೇಲೂ ನನ್ನ ಗಾಡಿ ಚಳಿಗೆ ಸ್ವಲ್ಪ ಮುಕ್ಕರಿಸುವುದು ಉಳಿದೇ ಇತ್ತು. ಹಳೆ ಗಾಡಿ ಇಷ್ಟೇ ಅಂದುಕೊಂಡಿದ್ದೆ. ಈಗ ತಾನೇ ಗ್ಯಾರೇಜಿನಲ್ಲಿ ಬಿಟ್ಟು ನಡೆದುಕೊಂಡು ಬಂದೆ. ಮುಂಜಾನೆ ಐದೂವರೆಗೆ ಬರುತ್ತೇನೆ ಅಂದಿದ್ದಾರೆ. ಸಿರಿಂಜ್ ಮೆಡಿಕಲ್ ಶಾಪಿನಿಂದ ತಂದಿಟ್ಟಿದ್ದೇನೆ.